ಯೋಗ ಶಿಕ್ಷಕರಾಗಲು 25 ದಿನ ಸಾಕೇ? ಕೃಷ್ಣಮಾಚಾರ್ಯರ ಬದುಕಿನಲ್ಲಿ ಉತ್ತರ ಹುಡುಕೋಣ

ಮೈಸೂರಿನ ಗೋಕುಲಂ ಕಡೆ ಹೋದರೆ ಯೋಗ ಶಾಲೆಗಳ ಫಲಕಗಳು ಸಾಲಾಗಿ ಕಾಣುತ್ತವೆ. ಇಂಥ ಶಾಲೆಗಳ ಜಾಹೀರಾತುಗಳಲ್ಲಿ 200 ಗಂಟೆ ಎಂಬ ಸಂಖ್ಯೆ ಮತ್ತೆ ಮತ್ತೆ ಬರುತ್ತದೆ. ಅಷ್ಟು ಗಂಟೆ ತರಬೇತಿ ಪಡೆದವರಿಗೆ ಯೋಗ ಶಿಕ್ಷಕರೆಂಬ ಪ್ರಮಾಣಪತ್ರ ಸಿಗುತ್ತದೆ. ದಿನಕ್ಕೆ ಎಂಟು ಗಂಟೆಯಂತೆ ಲೆಕ್ಕ ಹಾಕಿದರೆ ಇದು 25 ದಿನದ ಓದು. ಈ ಅಳತೆ ಯಾವ ಪುರಾತನ ಗ್ರಂಥದಲ್ಲೂ ಇಲ್ಲ. ಅಮೆರಿಕದ ಯೋಗ ಅಲೈಯನ್ಸ್ ಎಂಬ ಸಂಸ್ಥೆ 1999ರಲ್ಲಿ ಶಿಕ್ಷಕರ ನೋಂದಣಿ ಆರಂಭಿಸಿದ ಮೇಲೆ ಅದು ಜಗತ್ತಿನೆಲ್ಲೆಡೆ ಹರಡಿತು.

ಇದನ್ನು ಕೇಳಿದ ಕೂಡಲೇ ಹಲವರು ಹೇಳುವ ಮಾತೊಂದಿದೆ. ಹಿಂದೆಲ್ಲ ಹೀಗಿರಲಿಲ್ಲ, ಗುರುವಿನ ಜೊತೆ ಗುಹೆಯಲ್ಲಿ ವರ್ಷಗಟ್ಟಲೆ ಇದ್ದು, ಸಾವಿರಾರು ವರ್ಷಗಳಿಂದ ಬದಲಾಗದೆ ಬಂದ ವಿದ್ಯೆಯನ್ನು ಕಲಿತವರಷ್ಟೇ ಪಾಠ ಹೇಳುತ್ತಿದ್ದರು ಎಂಬ ಮಾತು ಅದು. ಒಂದು ಕಡೆ 25 ದಿನದ ಪ್ರಮಾಣಪತ್ರ, ಇನ್ನೊಂದು ಕಡೆ ಗುಹೆಯ ಕಥೆ. ಎರಡರಲ್ಲಿ ಯಾವುದನ್ನು ನಂಬಬೇಕು?

ಇದಕ್ಕೆ ಉತ್ತರ ಹುಡುಕಲು ನಾವು ಒಬ್ಬರ ಬದುಕನ್ನು ಆರಿಸಿಕೊಂಡಿದ್ದೇವೆ. ಅವರು ತಿರುಮಲೈ ಕೃಷ್ಣಮಾಚಾರ್ಯ. ಇಂದು ಜಗತ್ತಿನ ನಾನಾ ಊರುಗಳಲ್ಲಿ ಕಲಿಸುವ ಆಸನಗಳ ಪಾಠವನ್ನು ಹಿಂದಕ್ಕೆ ಹುಡುಕುತ್ತ ಹೋದರೆ, ಬಹಳಷ್ಟು ದಾರಿಗಳು ಮೈಸೂರಿನ ಇವರ ಯೋಗಶಾಲೆಗೆ ಬಂದು ಸೇರುತ್ತವೆ.

ಮುಚುಕುಂದಪುರದಿಂದ ಕಾಶಿಯವರೆಗೆ

ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರ ನವೆಂಬರ್ 18ರಂದು, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ಅವರದು ಶ್ರೀವೈಷ್ಣವ ಮನೆತನ. ತಂದೆ ಶ್ರೀನಿವಾಸ ತಾತಾಚಾರ್ಯರು ವೇದ ಪಾಠ ಹೇಳುತ್ತಿದ್ದವರು, ಮಗನಿಗೂ ಮೊದಲ ಗುರು ಅವರೇ. ಹುಡುಗನಿಗೆ ಹತ್ತು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಮನೆಯವರೆಲ್ಲ ಮೈಸೂರಿಗೆ ಬಂದರು. ಅಲ್ಲಿನ ಪರಕಾಲ ಮಠದ ಪೀಠದಲ್ಲಿ ಅವರ ಮುತ್ತಜ್ಜನಿದ್ದರು.

ಮುಂದಿನ ಓದು ಮಠದಲ್ಲಿ ಮತ್ತು ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ನಡೆಯಿತು. ಹದಿನೆಂಟರ ವಯಸ್ಸಿನಲ್ಲಿ ಕಾಶಿಗೆ ಹೋದರು. ವ್ಯಾಕರಣ, ತರ್ಕ, ಮೀಮಾಂಸೆ, ವೇದಾಂತಗಳೆಂದು ಹಲವು ವರ್ಷ ಓದಿನಲ್ಲೇ ಕಳೆದವು. ನಡುವೆ ಮೈಸೂರಿಗೆ ಬಂದರು, ಮತ್ತೆ ಉತ್ತರಕ್ಕೆ ಹೋದರು. ಅವರ ಓದಿನ ಹೆಚ್ಚಿನ ಪಾಲು ಶಾಸ್ತ್ರದ್ದಾಗಿತ್ತು. ಯೋಗ ಅದರ ಒಂದು ಭಾಗ. ಯೋಗ ಶಿಕ್ಷಕ ಎಂಬ ಉದ್ಯೋಗವೇ ಆಗ ಇರಲಿಲ್ಲ ಎನ್ನಬಹುದು. ಶಾಸ್ತ್ರ ಓದಿದವರು ಪಾಠಶಾಲೆಯಲ್ಲಿ ಪಂಡಿತರಾಗುತ್ತಿದ್ದರು. ಆಸನಗಳನ್ನು ಬೀದಿಯಲ್ಲಿ ತೋರಿಸಿ ಕಾಸು ಕೇಳುವವರನ್ನು ಓದಿದ ಮನೆತನದವರು ಗೌರವದಿಂದ ಕಾಣುತ್ತಿರಲಿಲ್ಲ.

ಮಾನಸ ಸರೋವರದ ಕಥೆ: ಎಷ್ಟು ನಿಜ?

ಈಗ ಗುಹೆಯ ಕಥೆಗೆ ಬರೋಣ. ಹೆಚ್ಚು ಪ್ರಚಾರದಲ್ಲಿರುವ ಕಥನ ಹೀಗಿದೆ. ಟಿಬೆಟಿಗೆ ಹೋಗಲು ಕೃಷ್ಣಮಾಚಾರ್ಯರಿಗೆ ವೈಸರಾಯ್ ಅವರ ಅನುಮತಿ ಬೇಕಿತ್ತು. ಆಗ ವೈಸರಾಯ್ ಆಗಿದ್ದ ಲಾರ್ಡ್ ಇರ್ವಿನ್ ಮಧುಮೇಹದಿಂದ ಬಳಲುತ್ತಿದ್ದರು. ಶಿಮ್ಲಾದಲ್ಲಿ ಆರು ತಿಂಗಳು ಯೋಗ ಹೇಳಿಕೊಟ್ಟು ಅವರನ್ನು ಚೇತರಿಸಿಕೊಳ್ಳುವಂತೆ ಮಾಡಿದ ಕೃಷ್ಣಮಾಚಾರ್ಯರು 1919ರಲ್ಲಿ ಹೊರಟು, ಮಾನಸ ಸರೋವರದ ಬಳಿ ರಾಮಮೋಹನ ಬ್ರಹ್ಮಚಾರಿ ಎಂಬ ಗುರುಗಳ ಗುಹೆ ಸೇರಿದರು. ಅಲ್ಲಿ ಏಳು ವರ್ಷಕ್ಕೂ ಹೆಚ್ಚು ಕಾಲ ಇದ್ದು ಯೋಗ ಕಲಿತರು. ಮದುವೆಯಾಗಿ ಸಂಸಾರ ಹೂಡಿ ಯೋಗ ಕಲಿಸು ಎಂಬುದೇ ಗುರುಗಳು ಬೇಡಿದ ದಕ್ಷಿಣೆ.

ಇದನ್ನು ಇಸವಿಗಳ ಜೊತೆ ಇಟ್ಟು ನೋಡಿ. ಇರ್ವಿನ್ ಭಾರತಕ್ಕೆ ವೈಸರಾಯ್ ಆಗಿ ಬಂದದ್ದು 1926ರಲ್ಲಿ. ಕೃಷ್ಣಮಾಚಾರ್ಯರ ಮದುವೆ ಆದದ್ದು 1925ರಲ್ಲಿ. 1919ಕ್ಕೆ ಏಳು ಸೇರಿಸಿದರೂ 1926 ಆಗುತ್ತದೆ. ಅಂದರೆ ಈ ಕಥನ ಇದ್ದ ಹಾಗೆಯೇ ನಿಜವಾಗಿರಲು ಸಾಧ್ಯವಿಲ್ಲ.

ಇದರ ಜೊತೆಗೇ ಬರುವ ಇನ್ನೊಂದು ಹೆಸರು ಯೋಗ ಕುರುಂಟ. ಆಸನಗಳನ್ನೆಲ್ಲ ವಿವರಿಸುವ ಪ್ರಾಚೀನ ಗ್ರಂಥ ಇದೆಂದೂ, ಕಲ್ಕತ್ತೆಯ ಗ್ರಂಥಾಲಯವೊಂದರಲ್ಲಿದ್ದ ಅದರ ಪ್ರತಿಯನ್ನು ಇರುವೆಗಳು ತಿಂದುಹಾಕಿದವೆಂದೂ ಶಿಷ್ಯರ ವಲಯದಲ್ಲಿ ಹೇಳುತ್ತಾರೆ. ಈ ಗ್ರಂಥವನ್ನು ಪರೀಕ್ಷೆಗೆ ಎದುರಿಗಿಟ್ಟವರು ಇವತ್ತಿನವರೆಗೂ ಯಾರೂ ಇಲ್ಲ.

ಹಾಗೆಂದು ಕೃಷ್ಣಮಾಚಾರ್ಯರಿಗೆ ಗುರುಗಳೇ ಇರಲಿಲ್ಲ, ಅವರು ಏನೂ ಕಲಿತಿರಲಿಲ್ಲ ಎಂದು ಇದರ ಅರ್ಥವಲ್ಲ. ಅವರ ದೇಹದ ಹಿಡಿತಕ್ಕೆ ಫೋಟೋಗಳೂ 1938ರಲ್ಲಿ ಮೈಸೂರಿನಲ್ಲಿ ತೆಗೆದ ಮೂಕಿ ಚಿತ್ರವೂ ಸಾಕ್ಷಿ. ಶಾಸ್ತ್ರ ಪಾಂಡಿತ್ಯಕ್ಕೆ ಅವರ ಪುಸ್ತಕಗಳು ಸಾಕ್ಷಿ. ಆದರೆ ಗುಹೆಯಲ್ಲಿ ಕಳೆದ ವರ್ಷಗಳ ಲೆಕ್ಕವನ್ನು ಅಳತೆಗೋಲು ಮಾಡಿಕೊಂಡು ಇಂದಿನ ಶಿಕ್ಷಕರನ್ನು ಅಳೆಯುವಂತಿಲ್ಲ. ಆ ಲೆಕ್ಕವೇ ಗಟ್ಟಿಯಿಲ್ಲ.

ಕಾಫಿ ತೋಟದಿಂದ ಅರಮನೆಗೆ

1925ರಲ್ಲಿ ಅವರು ನಾಮಗಿರಿಯಮ್ಮನವರನ್ನು ಮದುವೆಯಾದರು. ಯೋಗದಿಂದ ಹೊಟ್ಟೆ ತುಂಬುವ ಕಾಲ ಅದಲ್ಲ. ಇಷ್ಟು ಶಾಸ್ತ್ರ ಓದಿದ ಪಂಡಿತರು ಹಾಸನ ಜಿಲ್ಲೆಯ ಕಾಫಿ ತೋಟವೊಂದರಲ್ಲಿ ಮೇಲ್ವಿಚಾರಕರಾಗಿ ಕೆಲಸ ಮಾಡಿದರು. ಬಿಡುವಿನಲ್ಲಿ ಊರೂರು ಸುತ್ತಿ ಉಪನ್ಯಾಸ ಕೊಡುತ್ತಿದ್ದರು, ಆಸನಗಳನ್ನು ಮಾಡಿ ತೋರಿಸುತ್ತಿದ್ದರು. 1927ರಲ್ಲಿ ಹಾಸನದಲ್ಲಿ ನಡೆದ ಇಂಥದೊಂದು ಪ್ರದರ್ಶನವನ್ನು ಕೌಶಿಕ ಎಂಬ ಹತ್ತಿರದ ಹಳ್ಳಿಯ ಹನ್ನೆರಡು ವರ್ಷದ ಹುಡುಗನೊಬ್ಬ ನೋಡಿದ. ಆ ಹುಡುಗ ಕೆ. ಪಟ್ಟಾಭಿ ಜೋಯಿಸ್. ಅಷ್ಟಾಂಗ ವಿನ್ಯಾಸ ಯೋಗವನ್ನು ಮುಂದೆ ಜಗತ್ತಿಗೆ ಹರಡಿದವರು ಅವರೇ.

ಕೊನೆಗೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ಕಣ್ಣಿಗೆ ಕೃಷ್ಣಮಾಚಾರ್ಯರು ಬಿದ್ದರು. ಮೊದಲು ಸಂಸ್ಕೃತ ಪಾಠಶಾಲೆಯಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. 1933ರಲ್ಲಿ ಜಗನ್ಮೋಹನ ಅರಮನೆಯ ಒಂದು ಭಾಗದಲ್ಲಿ ಅವರದೇ ಯೋಗಶಾಲೆ ಶುರುವಾಯಿತು.

ಅಲ್ಲಿಗೆ ಬರುತ್ತಿದ್ದವರು ಬಹುಪಾಲು ಅರಸು ಮನೆತನದ ಹುಡುಗರು. ಮೈ ಬಗ್ಗುವ ವಯಸ್ಸು, ಒಂದೆಡೆ ಕೂರದ ಸ್ವಭಾವ. ಅವರಿಗೆ ಒಗ್ಗುವಂತೆ ಉಸಿರಿಗೆ ತಕ್ಕ ಚಲನೆ, ಜಿಗಿತ, ಒಂದಾದ ಮೇಲೊಂದು ಆಸನ ಎಂಬ ಬಿರುಸಿನ ಕ್ರಮ ಅಲ್ಲಿ ರೂಪುಗೊಂಡಿತು. ಮಹಾರಾಜರು ಯೋಗದ ಪ್ರಚಾರಕ್ಕಾಗಿ ಕೃಷ್ಣಮಾಚಾರ್ಯರನ್ನೂ ಹುಡುಗರನ್ನೂ ಪ್ರವಾಸಕ್ಕೆ ಕಳಿಸುತ್ತಿದ್ದರು. ವೇದಿಕೆಯ ಮೇಲೆ ಜನರನ್ನು ಬೆರಗುಗೊಳಿಸುವಂಥ ಆಸನಗಳು ಬೇಕಿದ್ದವು. ಅದೇ ಹೊತ್ತಿಗೆ ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಗರಡಿ, ಮಲ್ಲಕಂಬ, ಪಾಶ್ಚಾತ್ಯ ವ್ಯಾಯಾಮ ಎಲ್ಲವೂ ಜೋರಾಗಿದ್ದವು. ಬೆಂಗಳೂರಿನಲ್ಲಿ ವ್ಯಾಯಾಮ ಶಾಲೆ ನಡೆಸುತ್ತಿದ್ದ, ಕಾದಂಬರಿಕಾರರೂ ಆದ ಕೆ.ವಿ. ಅಯ್ಯರ್ ಆ ಕಾಲದವರೇ.

ಇದನ್ನೂ ಅಳೆದು ನೋಡಬಹುದು. 15ನೇ ಶತಮಾನದ ಹಠಯೋಗ ಪ್ರದೀಪಿಕೆ ವಿವರಿಸುವುದು 15 ಆಸನಗಳನ್ನು. ಆಮೇಲಿನ ಘೇರಂಡ ಸಂಹಿತೆಯಲ್ಲಿ 32 ಇವೆ. 19ನೇ ಶತಮಾನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಚಿತ್ರಗಳಿವೆ. ಪಟ್ಟಿ ಕಾಲದಿಂದ ಕಾಲಕ್ಕೆ ಬೆಳೆದಿದೆ. ಸಂಶೋಧಕರಾದ ನಾರ್ಮನ್ ಶೋಮನ್ ಮತ್ತು ಮಾರ್ಕ್ ಸಿಂಗಲ್ಟನ್ ಮೈಸೂರಿನ ಈ ಕಾಲವನ್ನು ಅಧ್ಯಯನ ಮಾಡಿ, ಇಂದು ನಾವು ನೋಡುವ ಆಸನ ಪದ್ಧತಿಯ ಬಹುಭಾಗ ಹಳೆಯ ಹಠಯೋಗವೂ ಅಂದಿನ ವ್ಯಾಯಾಮ ಪದ್ಧತಿಗಳೂ ಬೆರೆತು ಮೂಡಿದ್ದು ಎಂದು ತೋರಿಸಿದ್ದಾರೆ. ಬದಲಾಗದೆ ಬಂದ ವಿದ್ಯೆ ಎಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ಕನ್ನಡಿಗರು ನೆನಪಿಡಬೇಕಾದ ಸಂಗತಿಯೂ ಒಂದಿದೆ. ಕೃಷ್ಣಮಾಚಾರ್ಯರು 1934ರಲ್ಲಿ ಬರೆದ ಯೋಗ ಮಕರಂದ ಕನ್ನಡದ ಪುಸ್ತಕ. 1941ರ ಯೋಗಾಸನಗಳು ಕೂಡ ಕನ್ನಡದ್ದೇ. ಈ ಎರಡನೆಯದರಲ್ಲಿ ಆಸನಗಳನ್ನು ಸುಲಭದ್ದು, ನಡುವಿನದು, ಪಳಗಿದವರಿಗೆ ತಕ್ಕದ್ದು ಎಂಬ ಮೂರು ಹಂತಗಳಲ್ಲಿ ಕೋಷ್ಟಕವಾಗಿ ಕೊಟ್ಟಿದ್ದಾರೆ. ಪಾಠಕ್ರಮ ಎಂದು ನಾವು ಇಂದು ಕರೆಯುವುದು ಹೀಗೆ ಶುರುವಾಯಿತು.

ಹೃದಯವನ್ನು ನಿಲ್ಲಿಸಬಹುದೇ?

ಕೃಷ್ಣಮಾಚಾರ್ಯರ ಹೆಸರಿನ ಜೊತೆ ತಪ್ಪದೆ ಕೇಳಿಬರುವ ಮಾತು, ಅವರು ನಾಡಿಯನ್ನೂ ಹೃದಯವನ್ನೂ ನಿಲ್ಲಿಸಬಲ್ಲವರಾಗಿದ್ದರು ಎಂಬುದು. 1930ರ ದಶಕದಲ್ಲಿ ಫ್ರಾನ್ಸಿನ ಹೃದ್ರೋಗ ತಜ್ಞೆ ಥೆರೇಸ್ ಬ್ರಾಸ್ ಭಾರತಕ್ಕೆ ಬಂದು ಯೋಗಿಗಳ ಹೃದಯದ ವಿದ್ಯುತ್ ಸಂಕೇತಗಳನ್ನು ದಾಖಲಿಸಿದರು. ಸಂಕೇತಗಳು ತೀರಾ ಸಣ್ಣದಾದದ್ದು ಕಂಡಿತು. ಹೃದಯ ನಿಂತೇಹೋಯಿತು ಎಂಬ ಸುದ್ದಿ ಹಬ್ಬಲು ಅಷ್ಟು ಸಾಕಾಯಿತು.

ಮುಂದೆ ವೆಂಗರ್, ಬಾಗ್ಚಿ ಮತ್ತು ಆನಂದ್ ಎಂಬ ಮೂವರು ವಿಜ್ಞಾನಿಗಳು ಇಂಥ ಸಾಮರ್ಥ್ಯವಿದೆ ಎನ್ನುತ್ತಿದ್ದ ಯೋಗಿಗಳನ್ನು ಹೆಚ್ಚು ಉಪಕರಣಗಳಿಟ್ಟು ಪರೀಕ್ಷಿಸಿದರು. 1961ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. ಹೃದಯ ನಿಂತಿರಲಿಲ್ಲ. ಯೋಗಿ ಉಸಿರು ಬಿಗಿಹಿಡಿದು, ಗಂಟಲು ಮುಚ್ಚಿ, ಎದೆ ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಿಗಿಮಾಡಿದಾಗ ಎದೆಗೂಡಿನೊಳಗಿನ ಒತ್ತಡ ಏರುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಹೃದಯ ಮಿಡಿಯುತ್ತಲೇ ಇದ್ದರೂ ಹೊರಕ್ಕೆ ತಳ್ಳಲು ರಕ್ತ ಹೆಚ್ಚಿರುವುದಿಲ್ಲ. ಹಾಗಾಗಿ ಮಣಿಕಟ್ಟಿನ ನಾಡಿ ಕೈಗೆ ಸಿಗುವುದಿಲ್ಲ, ಸ್ಟೆತಸ್ಕೋಪಿನಲ್ಲಿ ಸದ್ದೂ ಸರಿಯಾಗಿ ಕೇಳುವುದಿಲ್ಲ.

ಸ್ನಾಯು ಮತ್ತು ಉಸಿರಿನ ಮೇಲೆ ಅಷ್ಟು ಹಿಡಿತ ಇರುವುದು ದೊಡ್ಡ ಸಾಧನೆಯೇ. ಆದರೆ ಅದು ಪವಾಡವಲ್ಲ. ಮನೆಯಲ್ಲಿ ಪ್ರಯತ್ನಿಸುವಂಥದ್ದೂ ಅಲ್ಲ. ಹೀಗೆ ಬಿಗಿಹಿಡಿದಾಗ ತಲೆ ಸುತ್ತಿ ಬೀಳಬಹುದು, ಹೃದಯದ ತೊಂದರೆ ಇದ್ದವರಿಗೆ ಅಪಾಯ.

ಒಬ್ಬ ಗುರು, ನಾಲ್ಕು ಬಗೆಯ ಪಾಠ

ಇನ್ನು ಮೂಲ ಪ್ರಶ್ನೆ. ಕೃಷ್ಣಮಾಚಾರ್ಯರು ಶಿಕ್ಷಕರನ್ನು ಹೇಗೆ ತಯಾರು ಮಾಡಿದರು?

ಪಟ್ಟಾಭಿ ಜೋಯಿಸರು ಹುಡುಗರಾಗಿದ್ದಾಗ ಹಾಸನದಲ್ಲಿ ಎರಡು ವರ್ಷ ಕಲಿತರು, ಮೈಸೂರಿಗೆ ಬಂದ ಮೇಲೂ ಗುರುಗಳ ಜೊತೆಗಿದ್ದರು. 1937ರಿಂದ ಸಂಸ್ಕೃತ ಪಾಠಶಾಲೆಯಲ್ಲಿ ತಾವೇ ಯೋಗ ಕಲಿಸತೊಡಗಿದರು. ಬಿರುಸಿನ ವಿನ್ಯಾಸ ಕ್ರಮ ಅವರ ಪಾಲಿಗೆ ಬಂತು.

ಬಿ.ಕೆ.ಎಸ್. ಅಯ್ಯಂಗಾರ್ ನಾಮಗಿರಿಯಮ್ಮನವರ ತಮ್ಮ. ಬೇರೆ ಬೇರೆ ಕಾಯಿಲೆಗಳಿಂದ ಸೊರಗಿದ್ದ ಹುಡುಗ 1934ರಲ್ಲಿ ಅಕ್ಕನ ಮನೆಗೆ ಬಂದ. ಭಾವನವರು ಮೊದಮೊದಲು ಅವನಿಗೆ ಪಾಠ ಹೇಳಲು ಅಷ್ಟಾಗಿ ಮನಸ್ಸು ಮಾಡಲಿಲ್ಲ. ಪ್ರದರ್ಶನದ ತುರ್ತು ಬಂದಾಗ ಕಷ್ಟದ ಆಸನಗಳನ್ನು ಅವಸರದಲ್ಲಿ ಮಾಡಿಸಿದರು. ಹನುಮಾನಾಸನ ಮಾಡಿಸಿದಾಗ ತೊಡೆಯ ಹಿಂಭಾಗದ ಸ್ನಾಯು ಹರಿದು ಬಹುಕಾಲ ನರಳಿದ್ದನ್ನು ಅಯ್ಯಂಗಾರ್ ಮುಂದೆ ಹೇಳಿಕೊಂಡಿದ್ದಾರೆ. ಹದಿನೆಂಟು ವಯಸ್ಸಿನ ಅವರನ್ನು 1937ರಲ್ಲಿ ಗುರುಗಳು ಪುಣೆಗೆ ಕಲಿಸಲು ಕಳಿಸಿದರು. ಆ ಊರಿನ ಭಾಷೆ ಗೊತ್ತಿಲ್ಲ, ಓದೂ ಹೆಚ್ಚಿಲ್ಲ, ಶಿಷ್ಯರಲ್ಲಿ ಕೆಲವರು ತಮಗಿಂತ ದೊಡ್ಡವರು. ನಿಜವಾದ ತರಬೇತಿ ಅಲ್ಲಿಂದ ಶುರುವಾಯಿತು. ತಮ್ಮ ಮೈಮೇಲೆ ಪ್ರಯೋಗ ಮಾಡುತ್ತ, ಶಿಷ್ಯರ ಮೈಯನ್ನು ಗಮನಿಸುತ್ತ ದಶಕಗಳು ಕಳೆದವು. ಬಗ್ಗದವರಿಗಾಗಿ ಹಗ್ಗ, ಕುರ್ಚಿ, ಮರದ ಇಟ್ಟಿಗೆ, ದಿಂಬುಗಳನ್ನು ಬಳಸುವ ಕ್ರಮ ಬೆಳೆಯಿತು. 1966ರಲ್ಲಿ ಬಂದ ಅವರ ಲೈಟ್ ಆನ್ ಯೋಗ ಜಗತ್ತಿನ ಎಲ್ಲೆಡೆ ಶಿಕ್ಷಕರ ಕೈಪಿಡಿಯಾಯಿತು.

ಮೂರನೆಯವರು ಇಂದ್ರಾ ದೇವಿ. ರೀಗಾದಲ್ಲಿ 1899ರಲ್ಲಿ ಹುಟ್ಟಿದ ಇವರ ಮೊದಲ ಹೆಸರು ಯೂಜೀನಿಯಾ. ಹೆಣ್ಣುಮಗಳು, ಅದರಲ್ಲೂ ವಿದೇಶಿ ಎಂದು ಕೃಷ್ಣಮಾಚಾರ್ಯರು ಮೊದಲು ಒಪ್ಪಲಿಲ್ಲ. ಮಹಾರಾಜರು ಹೇಳಿದ ಮೇಲೆ ಸೇರಿಸಿಕೊಂಡರು. ಆಹಾರ ಮತ್ತು ದಿನಚರಿಯಲ್ಲಿ ಕಠಿಣ ನಿಯಮ ಹಾಕಿದರು. ಎಲ್ಲವನ್ನೂ ಅವರು ಪಾಲಿಸಿದ್ದನ್ನು ಕಂಡು, ಕೊನೆಗೆ ಶಿಕ್ಷಕಿಯಾಗುವಂತೆ ತಾವೇ ಹೇಳಿದರು. ಆಕೆ 1939ರಲ್ಲಿ ಶಾಂಘೈನಲ್ಲಿ, 1940ರ ದಶಕದ ಕೊನೆಗೆ ಹಾಲಿವುಡ್‌ನಲ್ಲಿ ತರಗತಿ ತೆರೆದರು. ಅವರು ಕಲಿಸಿದ್ದು ಜಿಗಿತಗಳಿಲ್ಲದ ಮೆದು ಕ್ರಮ.

ನಾಲ್ಕನೆಯವರು ಮಗ ಟಿ.ಕೆ.ವಿ. ದೇಶಿಕಾಚಾರ್. ಎಂಜಿನಿಯರಿಂಗ್ ಓದಿದವರು 1960ರ ದಶಕದಲ್ಲಿ ಆ ಕೆಲಸ ಬಿಟ್ಟು ತಂದೆಯ ಬಳಿ ಕಲಿಯಲು ಕೂತರು. ಒಬ್ಬೊಬ್ಬರಿಗೆ ಒಂದೊಂದು ಕ್ರಮ ಎಂಬುದು ಅವರ ಪಾಠದ ತಿರುಳಾಯಿತು.

ನಾಲ್ವರಲ್ಲಿ ಯಾರೂ ಒಂದೇ ಪಾಠ ಕಲಿಯಲಿಲ್ಲ, ಒಂದೇ ಅವಧಿ ಕಲಿಯಲಿಲ್ಲ. ಅಯ್ಯಂಗಾರ್ ಮೂರು ವರ್ಷವೂ ಕಳೆಯುವ ಮೊದಲೇ ಶಿಕ್ಷಕರಾದರು. ಕಲಿಸಲು ಹೊರಟ ಮೇಲೆ ಅವರೆಲ್ಲ ಏನು ಮಾಡಿದರು ಎಂಬುದೇ ಅವರನ್ನು ಶಿಕ್ಷಕರನ್ನಾಗಿ ಮಾಡಿತು.

ಮದ್ರಾಸಿನಲ್ಲಿ ಗುರುವೇ ಬದಲಾದರು

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಯೋಗಶಾಲೆಗೆ ಅರಮನೆಯ ಆಸರೆ ಕಡಿಮೆಯಾಗುತ್ತ ಹೋಯಿತು. ಸ್ವಾತಂತ್ರ್ಯ ಬಂದ ಮೇಲೆ, 1950ರಲ್ಲಿ, ಅದು ಮುಚ್ಚಿತು. ಅರವತ್ತು ದಾಟಿದ ಕೃಷ್ಣಮಾಚಾರ್ಯರು ಮತ್ತೆ ಹೊಟ್ಟೆಪಾಡಿನ ಚಿಂತೆಗೆ ಬಿದ್ದರು. 1952ರಲ್ಲಿ ಮದ್ರಾಸಿಗೆ ಹೋಗಿ ನೆಲೆಸಿದರು.

ಅಲ್ಲಿ ಅವರೆದುರು ಬಂದವರು ಅರಮನೆಯ ಹುಡುಗರಲ್ಲ. ಪಾರ್ಶ್ವವಾಯು ಬಡಿದವರು, ಬೆನ್ನುನೋವಿನವರು, ವಯಸ್ಸಾದವರು, ಗರ್ಭಿಣಿಯರು, ನಡುವಯಸ್ಸಿನ ಉದ್ಯೋಗಸ್ಥರು. ಮೈಸೂರಿನಲ್ಲಿ ಗುಂಪಿಗೆ ಗದರಿ ಕಲಿಸುತ್ತಿದ್ದವರು ಇಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು, ನಾಡಿ ನೋಡಿ, ದಿನಚರಿ ಕೇಳಿ ಪಾಠ ಹೇಳತೊಡಗಿದರು. ಜಿಗಿತಗಳು ಹೋದವು. ಉಸಿರಿನ ಪಾಠ ಮುಂದೆ ಬಂತು. ಅವರ ಹೆಸರಿನಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರ 1976ರಲ್ಲಿ ಆರಂಭವಾಯಿತು. 96ರ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದಾಗ ಹಾಸಿಗೆಯಲ್ಲೇ ಮಾಡಬಹುದಾದ ಅಭ್ಯಾಸವನ್ನು ತಮಗೆ ತಾವೇ ರೂಪಿಸಿಕೊಂಡರು. 1989ರಲ್ಲಿ, ನೂರು ತುಂಬಿದ ಮೇಲೆ, ತೀರಿಕೊಂಡರು.

ಒಬ್ಬರ ಬದುಕಿನಲ್ಲೇ ಯೋಗದ ಪಾಠ ಇಷ್ಟು ಬದಲಾಯಿತು. ಎದುರಿಗಿದ್ದ ಮೈ ಬದಲಾದದ್ದು ಅದಕ್ಕೆ ಮುಖ್ಯ ಕಾರಣ. ಹನುಮಾನಾಸನದಲ್ಲಿ ಗಾಯಗೊಂಡ ಹುಡುಗನ ಗುರುವೂ, ಮದ್ರಾಸಿನ ರೋಗಿಗಳಿಗೆ ಉಸಿರು ಹೇಳಿಕೊಟ್ಟ ಗುರುವೂ ಒಬ್ಬರೇ.

ಹಾಗಾದರೆ ಶಿಕ್ಷಕರಲ್ಲಿ ನೀವು ಏನು ನೋಡಬೇಕು?

ಪ್ರಮಾಣಪತ್ರ ಬೇಡವೆಂದು ನಾವು ಹೇಳುತ್ತಿಲ್ಲ. ನಮ್ಮಲ್ಲೂ ಆಯುಷ್ ಸಚಿವಾಲಯದಡಿ ಯೋಗ ಪ್ರಮಾಣೀಕರಣ ಮಂಡಳಿ ಹಂತ ಹಂತದ ಪರೀಕ್ಷೆ ನಡೆಸುತ್ತದೆ. ಶರೀರ ರಚನೆ, ಸುರಕ್ಷತೆಯ ಕನಿಷ್ಠ ತಿಳಿವಳಿಕೆ ಇದೆ ಎಂಬುದಕ್ಕೆ ಅದು ಗುರುತು. ಆದರೆ ಅದು ಕಲಿಸಲು ಶುರುಮಾಡಲು ಸಿಗುವ ಪರವಾನಗಿ ಮಾತ್ರ, ರೋಗ ಗುಣಪಡಿಸಲು ಸಿಗುವ ಪರವಾನಗಿ ಅಲ್ಲ.

ಒಂದು ಉದಾಹರಣೆ ನೋಡಿ. ಶೀರ್ಷಾಸನದಲ್ಲಿ ಕಣ್ಣಿನೊಳಗಿನ ಒತ್ತಡ ಸುಮಾರು ಎರಡು ಪಟ್ಟು ಏರುತ್ತದೆ ಎಂದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಗ್ಲಾಕೋಮಾ ಇರುವವರಿಗೆ ಇದು ಒಳ್ಳೆಯದಲ್ಲ. ಶೀರ್ಷಾಸನವನ್ನು ಅಲುಗಾಡದೆ ಹತ್ತು ನಿಮಿಷ ಮಾಡಿ ತೋರಿಸುವ ಶಿಕ್ಷಕರು ನಿಮಗೆ ಕಣ್ಣಿನ ತೊಂದರೆ ಇದೆಯೇ ಎಂದು ಕೇಳದಿದ್ದರೆ, ಅವರ ಆ ಹತ್ತು ನಿಮಿಷದಿಂದ ನಿಮಗೇನೂ ಲಾಭವಿಲ್ಲ.

ಹಾಗಾಗಿ ಹೊಸ ತರಗತಿಗೆ ಸೇರುವಾಗ ಇವನ್ನು ಗಮನಿಸಿ:

- ಮೊದಲ ದಿನವೇ ನಿಮ್ಮ ವಯಸ್ಸು, ಕಾಯಿಲೆ, ಹಳೆಯ ಪೆಟ್ಟು, ತೆಗೆದುಕೊಳ್ಳುವ ಮಾತ್ರೆಗಳ ಬಗ್ಗೆ ಶಿಕ್ಷಕರು ಕೇಳುತ್ತಾರೆಯೇ?
- ಒಂದು ಆಸನ ನಿಮಗೆ ಆಗದಿದ್ದಾಗ ಅದರ ಬದಲಿಗೆ ಇನ್ನೊಂದನ್ನು ಹೇಳಿಕೊಡುತ್ತಾರೆಯೇ, ಇಲ್ಲ ಒತ್ತಿ ಬಗ್ಗಿಸುತ್ತಾರೆಯೇ?
- ನೋವಾಗುತ್ತಿದೆ ಎಂದರೆ ನಿಲ್ಲಿಸುತ್ತಾರೆಯೇ?
- ವೈದ್ಯರು ಕೊಟ್ಟ ಔಷಧಿ ಬಿಡಲು ಹೇಳುತ್ತಾರೆಯೇ? ಹೇಳಿದರೆ ಆ ತರಗತಿಯಿಂದ ದೂರವಿರಿ.
- ತಾವು ಈಗಲೂ ಯಾರ ಬಳಿಯಾದರೂ ಕಲಿಯುತ್ತಿದ್ದಾರೆಯೇ?

ಯೋಗ ಶಿಕ್ಷಕರಾಗಬೇಕೆಂದು ಹಣ ಕೂಡಿಡುತ್ತಿರುವವರಿಗೂ ಇವೇ ಪ್ರಶ್ನೆಗಳು ಉಪಯೋಗಕ್ಕೆ ಬರುತ್ತವೆ. ಸೇರಬೇಕೆಂದಿರುವ ತರಬೇತಿಯಲ್ಲಿ ಎಷ್ಟು ಆಸನ ಕಲಿಸುತ್ತಾರೆ ಎಂದು ಕೇಳುವ ಮೊದಲು, ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಮೈಕಟ್ಟಿನ ಎಷ್ಟು ಮಂದಿಗೆ ನೀವು ಹಿರಿಯ ಶಿಕ್ಷಕರ ಕಣ್ಣೆದುರು ಪಾಠ ಹೇಳುತ್ತೀರಿ ಎಂದು ಕೇಳಿ. ಅದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ದುಡ್ಡು ಕಟ್ಟುವ ಮುನ್ನ ಇನ್ನೂ ನಾಲ್ಕು ಕಡೆ ವಿಚಾರಿಸಿ.